ಹೊಸ ಸೀಲು ಹಾಕಿಸುವ ಮುನ್ನ ಹಳೆಯದನ್ನು ನೋಡಿ



ಸಣ್ಣ ಟ್ರ್ಯಾಕ್ಟರಿನ ಮುಂಭಾಗಕ್ಕೆ ಲೋಡರ್ ಕೂಡಿಸಿಕೊಂಡವರಿಗೆ ಅದರ ಉಪಯೋಗವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಪ್ಪೆಯ ಗೊಬ್ಬರ ತುಂಬುವುದು, ಕೆರೆಗೋಡು ಹೊಡೆಯುವುದು, ತೋಟಕ್ಕೆ ಮಣ್ಣು ಏರಿಸುವುದು, ಎಲ್ಲಕ್ಕೂ ಅದೇ ಬೇಕು. ಆದರೆ ಬಕೆಟ್ ಎತ್ತುವ ಸಿಲಿಂಡರಿನಿಂದ ಎಣ್ಣೆ ತೊಟ್ಟಿಕ್ಕತೊಡಗಿದರೆ ನಮ್ಮಲ್ಲಿ ಬಹುಮಂದಿ ಮಾಡುವುದು ಒಂದೇ ಕೆಲಸ. ಸಿಲಿಂಡರನ್ನು ಬಿಚ್ಚಿ ಪೇಟೆಗೆ ಒಯ್ದು 'ಸೀಲು ಹಾಕಿಕೊಡಿ' ಎನ್ನುತ್ತೇವೆ. ಎರಡು ತಿಂಗಳಲ್ಲಿ ಅದು ಮತ್ತೆ ಸೋರುತ್ತದೆ. ಮತ್ತೆ ಪೇಟೆ, ಮತ್ತೆ ಖರ್ಚು, ಹಂಗಾಮಿನ ನಡುವೆ ಮತ್ತೆ ಎರಡು ದಿನ ಕೆಲಸ ನಿಲುಗಡೆ.

ಈ ಪದ್ಧತಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಲು ಏಕೆ ಹೋಯಿತೆಂದು ತಿಳಿಯದೆ ಹೊಸ ಸೀಲು ಹಾಕಿಸುವುದು, ಬದುವಿನ ತೂತು ಮುಚ್ಚದೆ ಗದ್ದೆಗೆ ನೀರು ಬಿಟ್ಟಂತೆ.

ಸೀಲಿನ ಕೆಲಸವೇನೆಂದು ಮೊದಲು ನೋಡೋಣ. ಹಳ್ಳಿಯ ಕೈಪಂಪಿನಲ್ಲಿ ವಾಷರು ಸವೆದರೆ ಎಷ್ಟು ಒತ್ತಿದರೂ ನೀರು ಏರದಿರುವುದನ್ನು ನೀವು ಕಂಡಿದ್ದೀರಿ. ಸಿಲಿಂಡರಿನ ಸೀಲಿಗೂ ಅದೇ ಕೆಲಸ, ಒತ್ತಡ ಮಾತ್ರ ಬಹಳ ಹೆಚ್ಚು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡದಲ್ಲಿದೆ ಎಂದುಕೊಳ್ಳಿ. ಸಿಲಿಂಡರಿನ ಒಳವ್ಯಾಸ 5 ಸೆಂ.ಮೀ. ಇದ್ದರೆ ಪಿಸ್ಟನ್ನಿನ ಮೇಲೆ ಬೀಳುವ ಬಲ 2,900 ಕೆ.ಜಿ.ಗೂ ಹೆಚ್ಚು. ಇಂಥ ಒತ್ತಡದ ಎಣ್ಣೆಯನ್ನು ತಡೆದಿಡುವುದು ಬೆರಳಗಲವೂ ಇಲ್ಲದ ಒಂದು ಬಳೆ. ಅದು ಜಾರುವ ರಾಡು ಕನ್ನಡಿಯಂತೆ ನುಣುಪಾಗಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ರಾಡಿನಲ್ಲಿ ಗೀರು ಬಿದ್ದಿದ್ದರೆ ಪ್ರತಿ ಸಲ ಹೋಗಿಬರುವಾಗಲೂ ಅರ ಉಜ್ಜಿದಂತೆ ಸವೆಯುತ್ತದೆ.

ಆದ್ದರಿಂದ ಮೆಕ್ಯಾನಿಕ್ ಬಿಚ್ಚಿ ತೆಗೆದ ಹಳೆಯ ಸೀಲನ್ನು ಕೇಳಿ ತೆಗೆದುಕೊಳ್ಳಿ. ಅದನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ. ಒಂದೇ ಪಕ್ಕ ಸವೆದಿದ್ದರೆ ರಾಡು ಬಾಗಿದೆ, ಇಲ್ಲವೆ ಪಿನ್ನು ಬುಷ್‌ಗಳು ಗ್ರೀಸಿಲ್ಲದೆ ಸವೆದು ರಾಡನ್ನು ಓರೆಗೆ ಎಳೆಯುತ್ತಿವೆ ಎಂದು ತಿಳಿಯಿರಿ. ಮೈತುಂಬ ಉದ್ದುದ್ದ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸವಿದೆ ಅಥವಾ ರಾಡು ಗೀಚಿದೆ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಣ್ಣೆ ವಿಪರೀತ ಕಾದಿದೆ, ಇಲ್ಲವೆ ಸೀಲಿಗೆ ವಯಸ್ಸಾಗಿದೆ. ಊದಿಕೊಂಡು ಮೆತ್ತಗಾಗಿದ್ದರೆ ಹೊಂದದ ಎಣ್ಣೆ ಸೇರಿದೆ. ಅಂಚು ಕತ್ತರಿಸಿದಂತಿದ್ದರೆ ಕೂಡಿಸುವಾಗಲೇ ಮರೆ ಅಥವಾ ಚೂಪಾದ ಅಂಚು ತಾಗಿದೆ.

ರಾಡನ್ನೂ ನೀವೇ ಪರೀಕ್ಷಿಸಬಹುದು. ಉಗುರನ್ನು ಉದ್ದಕ್ಕೂ ಆಡಿಸಿ. ಉಗುರಿಗೆ ಸಿಕ್ಕುವ ಗೀರು ಸೀಲಿಗೂ ಸಿಕ್ಕುತ್ತದೆ. ಸಣ್ಣ ಮುಳ್ಳಿನಂಥ ಉಬ್ಬನ್ನು ನಯವಾದ ಎಮರಿ ಪೇಪರಿನಿಂದ ರಾಡಿನ ಸುತ್ತಲೂ ಉಜ್ಜಿ ತೆಗೆಯಬಹುದು. ಉದ್ದಕ್ಕೆ ಉಜ್ಜಿದರೆ ಆ ಗೆರೆಯೇ ಎಣ್ಣೆಗೆ ಕಾಲುವೆಯಾಗುತ್ತದೆ. ಕ್ರೋಮ್ ಎದ್ದು ತುಕ್ಕು ಹಿಡಿದಿದ್ದರೆ ಮತ್ತೆ ಕ್ರೋಮ್ ಹಾಕಿಸಬೇಕು ಅಥವಾ ರಾಡನ್ನೇ ಬದಲಿಸಬೇಕು. ಆ ಖರ್ಚಿಗೆ ಹಿಂಜರಿದವರು ಅದಕ್ಕಿಂತ ಹೆಚ್ಚು ಹಣವನ್ನು ಸೀಲಿಗೆ ಸುರಿಯುತ್ತಾರೆ.

ಕೂಡಿಸುವಾಗ ನಾಲ್ಕು ಮಾತು ನೆನಪಿರಲಿ. ಸೀಲಿನ ತುಟಿ ಎಣ್ಣೆಯ ಒತ್ತಡದ ಕಡೆಗಿರಬೇಕು. ಧೂಳು ತಡೆಯುವ ವೈಪರಿನ ತುಟಿ ಹೊರಕ್ಕಿರಬೇಕು. ಮರೆಯ ಮೇಲೆ ಟೇಪು ಸುತ್ತಿ, ಸೀಲಿಗೆ ಅದೇ ಹೈಡ್ರಾಲಿಕ್ ಎಣ್ಣೆ ಸವರಿ ಜಾರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಬಾರದು. ಪಿಸ್ಟನ್ ಹೊರಬರದಿದ್ದರೆ ಕಂಪ್ರೆಸರಿನ ಗಾಳಿ ಕೊಟ್ಟು ಹಾರಿಸಬಾರದು. ಅದು ಗುಂಡಿನಂತೆ ಸಿಡಿಯಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಎತ್ತಿ ನಿಲ್ಲಿಸಿದ ಬಕೆಟ್ ತಾನಾಗಿ ಇಳಿಯುತ್ತಿದ್ದರೆ ಎಲ್ಲರೂ ಪಿಸ್ಟನ್ ಸೀಲನ್ನು ದೂರುತ್ತಾರೆ. ಎರಡೂ ಕಡೆಯ ಎಣ್ಣೆ ದಾರಿ ಬಿಗಿಯಾಗಿ ಮುಚ್ಚಿದ್ದರೆ, ಪಿಸ್ಟನ್ ಸೀಲು ಸೋರಿದರೂ ಬಕೆಟ್ ಬಹಳ ಇಳಿಯಲಾರದು. ರಾಡು ಒಳಗೆ ಬರಬೇಕಾದರೆ ಅಷ್ಟು ಎಣ್ಣೆ ಹೊರಗೆ ಹೋಗಲೇಬೇಕಲ್ಲವೆ? ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಆ ದಾರಿ ಸಾಮಾನ್ಯವಾಗಿ ಸವೆದ ಕಂಟ್ರೋಲ್ ವಾಲ್ವಿನಲ್ಲಿರುತ್ತದೆ. ಅದನ್ನು ನೋಡದೆ ಸಿಲಿಂಡರ್ ಬಿಚ್ಚಿಸಿದರೆ ಹಣವೂ ಹೋಯಿತು, ರೋಗವೂ ಉಳಿಯಿತು.

ಇದುವರೆಗೆ ಹೇಳಿದ್ದು ಹಣದ ಮಾತು. ಪ್ರಾಣದ ಮಾತು ಬೇರೆ ಇದೆ. ಎತ್ತಿದ ಬಕೆಟ್ಟಿನ ಕೆಳಗೆ ತಲೆ ಹಾಕಿ ಸೋರಿಕೆ ಹುಡುಕುವ ಅಭ್ಯಾಸವನ್ನು ಇಂದೇ ಬಿಡಿ. ಬಕೆಟ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಲೀವರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಒತ್ತಡ ಇಳಿಸಿದ ಮೇಲೆಯೇ ಪೈಪಿಗೆ ಪಾನಾ ಹಾಕಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಸೇರುತ್ತದೆ. ಕೈ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಒಳಹೊಕ್ಕರೆ ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ ಕಂಡೀತು, ನೋವೂ ಮೊದಲಿಗೆ ಕಡಿಮೆಯಿದ್ದೀತು. ಅರಿಶಿನ ಹಚ್ಚಿ ಸುಮ್ಮನಿರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, 'ಒತ್ತಡದ ಎಣ್ಣೆ ಒಳಗೆ ಹೋಗಿದೆ' ಎಂದು ವೈದ್ಯರಿಗೆ ಹೇಳಬೇಕು. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು.

ಲೋಡರ್ ಮಾರುವವರಿಗೂ ಒಂದು ಮಾತು. ಸೀಲುಗಳ ಅಳತೆ, ಹಾಕಬೇಕಾದ ಎಣ್ಣೆ, ಗ್ರೀಸ್ ಕೊಡಬೇಕಾದ ಜಾಗ ಇವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಯಂತ್ರದೊಡನೆ ಕೊಡಬೇಕು. ಲಕ್ಷಗಟ್ಟಲೆ ಬೆಲೆ ತೆರುವ ರೈತನಿಗೆ ಇದು ಉಪಕಾರವಲ್ಲ, ಅವನ ಹಕ್ಕು. ಕೊಳ್ಳುವಾಗಲೇ ಕೇಳಿ, ಕೊಡದಿದ್ದರೆ ಬರೆದುಕೊಡಲು ಹೇಳಿ.

ಉಳಿದದ್ದು ನಿಮ್ಮ ಕೈಯಲ್ಲಿದೆ. ಸಂಜೆ ಕೆಲಸ ಮುಗಿದ ಮೇಲೆ ರಾಡಿಗೆ ಅಂಟಿದ ಮಣ್ಣು ಒರೆಸಿ, ಪಿನ್ನುಗಳಿಗೆ ಗ್ರೀಸ್ ಹೊಡೆದು, ರಾಡು ಆದಷ್ಟು ಒಳಗಿರುವಂತೆ ನೆರಳಲ್ಲಿ ನಿಲ್ಲಿಸಿ. ಹೊರಗುಳಿದ ರಾಡಿಗೆ ಮಳೆಗಾಲದಲ್ಲಿ ತೆಳುವಾಗಿ ಗ್ರೀಸ್ ಸವರಿ, ಮತ್ತೆ ಹೊರಡುವ ಮುನ್ನ ಒರೆಸಿಬಿಡಿ. ಎತ್ತಿನ ಮೈ ತಿಕ್ಕದೆ ಕೊಟ್ಟಿಗೆಗೆ ಕಟ್ಟದಿದ್ದ ನಮ್ಮ ಹಿರಿಯರಿಗೆ ಈ ಹತ್ತು ನಿಮಿಷದ ಬೆಲೆ ಗೊತ್ತಿತ್ತು.