ಕೂಡುಗಣಕವೋ, ಬಿಡಿಗಣಕವೋ?

ಹೇಮಾವತಿಯ ಉಗಮಸ್ಥಾನವಾದ ಜಾವಳಿಯ ಸುತ್ತಣ ಮಲೆಗಳಲ್ಲಿ ಇಂದು ಕ್ಯಾಮೆರಾ ಅಪರೂಪದ ವಸ್ತುವಲ್ಲ. ಕಾಫಿ ಹೂವಿನ ಬೆಳ್ಪನ್ನೂ ಬಲ್ಲಾಳರಾಯನದುರ್ಗದ ಮಂಜನ್ನೂ ಸೆರೆಹಿಡಿಯುವ ತರುಣರು ಊರೂರಿಗೂ ಇದ್ದಾರೆ. ಆದರೆ ತೆಗೆದ ಚಿತ್ರವನ್ನು ತಿದ್ದಿ ಕಾಪಿಡಲು ಎಂತಹ ಕಂಪ್ಯೂಟರನ್ನು ಕೊಳ್ಳಬೇಕೆಂಬಲ್ಲಿ ಅವರು ತಡವರಿಸುತ್ತಾರೆ. ಪರದೆಯೂ ಯಂತ್ರವೂ ಒಂದೇ ಮೈಯಾದ ‘ಆಲ್-ಇನ್-ಒನ್’ ಲೇಸೋ, ಪೆಟ್ಟಿಗೆ ಬೇರೆ ಪರದೆ ಬೇರೆಯಾದ ಡೆಸ್ಕ್‌ಟಾಪ್ ಲೇಸೋ?

ಕೂಡುಗಣಕದ ಚೆಲುವನ್ನು ಅಲ್ಲಗಳೆಯುವಂತಿಲ್ಲ. ತಂತಿಗಳ ಗೋಜಲಿಲ್ಲ, ಮೇಜಿನ ಮೇಲೆ ನಿಲುವುಗನ್ನಡಿಯಂತೆ ಒಪ್ಪವಾಗಿ ನಿಲ್ಲುತ್ತದೆ. ಆಪಲ್‌ನ 24 ಅಂಗುಲದ ಐಮ್ಯಾಕ್‌ನಲ್ಲಿರುವಂತಹ ಪರದೆಯನ್ನು ಬಿಡಿಯಾಗಿ ಕೊಳ್ಳಹೊರಟರೆ ಅದಕ್ಕೇ ದೊಡ್ಡ ಮೊತ್ತ ತೆರಬೇಕು. ಆದರೆ ಕೂಡುಕುಟುಂಬದ ಸುಖದೊಡನೆ ಅದರ ಸಂಕಟವೂ ಇಲ್ಲುಂಟು. 2021ರಲ್ಲಿ ಹೊರಬಂದ ಆ ಐಮ್ಯಾಕ್‌ನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಮುಂದಿನ ಹಲವು ವರ್ಷಗಳ ಅಗತ್ಯವನ್ನು ಕೊಳ್ಳುವ ದಿನವೇ ಊಹಿಸಬೇಕು. ಯಂತ್ರ ಸೋತರೆ ಒಳ್ಳೆಯ ಪರದೆಯೂ ಅದರೊಡನೆ ಸಹಗಮನ ಮಾಡುತ್ತದೆ.

ಛಾಯಾಗ್ರಾಹಕನಿಗೆ ಇದು ಸಣ್ಣ ನಷ್ಟವಲ್ಲ. ಪರದೆಗೂ ಯಂತ್ರಕ್ಕೂ ಮುಪ್ಪು ಒಟ್ಟಿಗೆ ಬರುವುದಿಲ್ಲ. ಕ್ಯಾಮೆರಾಗಳು ಬೆಳೆದಂತೆ, ತಿದ್ದುವ ತಂತ್ರಾಂಶಗಳು ಭಾರವಾದಂತೆ ಯಂತ್ರ ಬೇಗ ಏದುಸಿರು ಬಿಡುತ್ತದೆ. ಒಳ್ಳೆಯ ಪರದೆಯಾದರೋ ಎರಡು ಯಂತ್ರಗಳ ಆಯುಷ್ಯವನ್ನು ಕಾಣಬಲ್ಲದು. ಅಲ್ಲದೆ, ಮಲೆನಾಡಿನ ಚಿತ್ರವೆಂದರೆ ಹಸುರಿನ ಚಿತ್ರ. ಸಾಮಾನ್ಯ ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಗಿಂತ ಅಡೋಬಿ ಆರ್‌ಜಿಬಿ ಹೆಚ್ಚು ಹಸುರನ್ನು ಒಳಗೊಳ್ಳುತ್ತದೆ. ಅಂತಹ ಪರದೆಯನ್ನು ಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಿಡಿಗಣಕದವನಿಗೆ ಮಾತ್ರ ಪೂರ್ಣವಾಗಿ ಇರುವುದು.

ಇನ್ನು ನಮ್ಮ ಹವೆಯ ಮಾತು. ತಿಂಗಳುಗಟ್ಟಲೆ ಜಡಿಮಳೆ, ತೇವ, ಸಿಡಿಲು, ಬಂದುಹೋಗುವ ವಿದ್ಯುತ್ತು! ಯುಪಿಎಸ್ ಯಾವುದಕ್ಕಾದರೂ ಬೇಕು. ಅಷ್ಟಾಗಿಯೂ ಕೆಟ್ಟರೆ, ಪೆಟ್ಟಿಗೆಯ ವಿದ್ಯುತ್ ಘಟಕವನ್ನೋ ಡಿಸ್ಕನ್ನೋ ಮಾತ್ರ ಬದಲಿಸಬಹುದು. ಕೂಡುಗಣಕವಾದರೆ ಇಡೀ ಸಂಸಾರವನ್ನೇ ಹೊತ್ತು ದೂರದ ನಗರಕ್ಕೆ ಹೋಗಬೇಕಾದೀತು.

ಆದುದರಿಂದ ಈ ಸೀಮೆಯವರಿಗೆ ಬಿಡಿಗಣಕವೇ ಲೇಸೆಂದು ನನ್ನ ಮತ. ಹಣವನ್ನು ಮೊದಲು ಪರದೆಗೆ ಇಡಿರಿ, ಅನಂತರ ಪೆಟ್ಟಿಗೆಗೆ. 16 ಜಿಬಿ ಮೆಮೊರಿಯಿಂದ ತೊಡಗಿ, ಕೈ ಸಾಗಿದಾಗ 32ಕ್ಕೆ ಏರಿಸಿರಿ. ಮನೆಯಲ್ಲಿ ಎಡೆಯಿಲ್ಲದವರು, ವರ್ಷಕ್ಕೊಮ್ಮೆ ನಂಟರ ಮದುವೆಯ ಚಿತ್ರ ನೋಡುವವರು ಕೂಡುಗಣಕವನ್ನು ಕೊಂಡರೆ ಅದಕ್ಕೆ ನನ್ನ ತಕರಾರಿಲ್ಲ.

ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅವರು ತೆಗೆದ ಚಿತ್ರಗಳು ಇಂದಿಗೂ ನಮ್ಮ ಕಣ್ಣ ಮುಂದಿವೆ. 2019ರ ಆಗಸ್ಟಿನ ಮಳೆಯಲ್ಲಿ ಈ ತಾಲ್ಲೂಕಿನ ಗುಡ್ಡಗಳು ಜರಿದವು. ಜರಿದ ಇಳಿಜಾರು ಹಿಂದೆ ಹೇಗಿತ್ತೆಂದು ಹೇಳಬಲ್ಲುದು ಯಾರೋ ತೆಗೆದಿಟ್ಟ ಚಿತ್ರ ಮಾತ್ರ. ಯಾವ ಗಣಕವನ್ನೇ ಕೊಳ್ಳಿರಿ, ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಿಸಿರಿ. ಯಂತ್ರವನ್ನು ಅಂಗಡಿಯಿಂದ ಮತ್ತೆ ತರಬಹುದು. ಜರಿದ ಗುಡ್ಡವನ್ನು ಮತ್ತೆ ತೆಗೆಯಲಾದೀತೆ?