ಪಾಚಿಯ ಪರವಾಗಿ ಒಂದು ಮಾತು

ಮಳೆಗಾಲ ಬಂತೆಂದರೆ ನಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೂ ನನಗೂ ಜಗಳ. ತೆಂಗಿನ ನಾರು, ಬ್ಲೀಚಿಂಗ್ ಪೌಡರ್ ಹಾಕಿ ಎಷ್ಟು ಉಜ್ಜಿದರೂ ಮರುವಾರ ಮತ್ತೆ ಹಸಿರು. ಅತ್ತೆಯವರು ಜಾರಿ ಬಿದ್ದು ಸೊಂಟ ಹಿಡಿದುಕೊಂಡ ಮೇಲಂತೂ ಪಾಚಿಯೆಂದರೆ ನನಗೆ ಹಗೆ. ಅದೇ ಪಾಚಿಯ ಪರ ಇಂದು ವಕೀಲಿಗೆ ಕೂತಿದ್ದೇನೆ.

ನಮ್ಮ ಬೀದಿಯ ಮೋರಿ ಸೇರುವುದು ಊರಾಚೆಯ ಕೆರೆಯನ್ನು. ನೀರು ಶುದ್ಧ ಮಾಡಲೆಂದು ಅಲ್ಲಿ ಯಂತ್ರ ಕೂರಿಸಿದರು, ಟೇಪು ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು. ಅವಕ್ಕೆ ಗಾಳಿ ಊದುವ ಯಂತ್ರಕ್ಕೆ ಹಗಲೂ ರಾತ್ರಿ ಕರೆಂಟು ಬೇಕು. ಬಿಲ್ಲು ಏರಿತು, ಮೋಟಾರು ಸುಟ್ಟಿತು. ಈಗ ಗೇಟಿಗೆ ಬೀಗ, ಕೊಳಚೆ ನೇರ ಕೆರೆಗೆ.

ಆ ಊದುವ ಕೆಲಸವನ್ನು ಪಾಚಿ ಬಿಸಿಲಿನ ಬಲದಿಂದಲೇ ಮಾಡುತ್ತದೆ. ಅದು ಬಿಡುವ ಆಮ್ಲಜನಕವನ್ನು ಉಸಿರಾಡಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ಕರಗಿಸುತ್ತವೆ. ಅವು ಬಿಡುವ ಇಂಗಾಲದ ಡೈಆಕ್ಸೈಡು, ಸಾರಜನಕ, ರಂಜಕಗಳೇ ಪಾಚಿಗೆ ಊಟ. ಪಕ್ಕದ ಮನೆಯಿಂದ ಪಾಯಸ ಬಂದ ಬಟ್ಟಲನ್ನು ನಾವು ಖಾಲಿ ಹಿಂದಿರುಗಿಸುವುದಿಲ್ಲವಲ್ಲ, ಹಾಗೆ. ಅಮೆರಿಕದ ಆಸ್ವಾಲ್ಡ್ ಮತ್ತು ಗೋಟಾಸ್ ಈ ಕೊಡುಕೊಳ್ಳುವಿಕೆಯನ್ನು ವಿವರಿಸಿ 1957ರಲ್ಲೇ ಬರೆದಿದ್ದಾರೆ. ಹೊಸ ಸುದ್ದಿಯೇನಲ್ಲ.

ಇದರಲ್ಲೂ ತೊಂದರೆ ಇಲ್ಲವೆಂದಲ್ಲ. ಕೊಳ ಆಳವಿಲ್ಲದೆ ಅಗಲವಾಗಿರಬೇಕು. ಬೆಳೆದ ಪಾಚಿಯನ್ನು ಆಗಾಗ ತೆಗೆಯಬೇಕು; ಬಿಟ್ಟರೆ ಕೊಳೆತು, ನೀರಿನ ಆಮ್ಲಜನಕವನ್ನು ತಾನೇ ನುಂಗುತ್ತದೆ. ಕಾರ್ಖಾನೆಯ ವಿಷ ಸೇರಿದರೆ ಎರಡೂ ಸಾಯುತ್ತವೆ. ಆದರೆ ಹಾಲು ಉಕ್ಕುತ್ತದೆಂದು ಒಲೆಯನ್ನೇ ಬೇಡವೆನ್ನುತ್ತೇವೆಯೇ?

‘ಅಷ್ಟು ಜಾಗ ಎಲ್ಲಿದೆಯಮ್ಮ?’ ಎನ್ನುತ್ತಾರೆ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ ಕಟ್ಟಲು ಬೆಂಗಳೂರಿಗೆ ಜಾಗ ಸಿಕ್ಕಿತು. ಕೊಳಚೆಗೆ ಮಾತ್ರ ಜಾಗವಿಲ್ಲವೆಂದು ಬೆಳ್ಳಂದೂರು ಕೆರೆಗೆ ಬಿಟ್ಟರು. ನೊರೆ ಉಕ್ಕಿ ರಸ್ತೆಗೆ ಬಂತು. 2017ರ ಫೆಬ್ರವರಿಯಲ್ಲಿ ಆ ಕೆರೆಗೇ ಬೆಂಕಿ ಬಿತ್ತು. ನಮ್ಮಂಥ ಊರುಗಳಲ್ಲಿ ಇನ್ನೂ ಜಾಗವಿದೆ. ಅದು ಸೈಟುಗಳಾಗುವ ಮುನ್ನ ಕೇಳಬೇಕು.

ಕೇಳುವವರು ಯಾರು? ನಲ್ಲಿಯಲ್ಲಿ ನೀರು ಬಾರದಿದ್ದರೆ ಖಾಲಿ ಕೊಡ ಹಿಡಿದು ಬೀದಿಗಿಳಿಯುವ ನಾವು, ಬಚ್ಚಲಿನಿಂದ ಹೋದ ನೀರು ಎಲ್ಲಿಗೆ ಹೋಯಿತೆಂದು ಒಂದು ದಿನವಾದರೂ ಕೇಳಿದ್ದೇವೆಯೇ? ಆ ಸೋಪಿನ ನೀರು, ಪಾತ್ರೆ ತೊಳೆದ ನೀರು ನಮ್ಮದೇ ತಾನೆ?

ಈ ಸಲ ವೋಟು ಕೇಳಲು ಬಂದವರಿಗೆ ಕಾಫಿ ಕೊಡೋಣ. ಲೋಟ ಕೆಳಗಿಡುವ ಮೊದಲು ಕೇಳೋಣ: ಬೀಗ ಬಿದ್ದ ಯಂತ್ರದ ಲೆಕ್ಕ ಎಲ್ಲಿ? ಪಾಚಿಯ ಕೊಳಕ್ಕೆ ಜಾಗ ಎಲ್ಲಿ?