ಕಾರಿಗೂ ಡೂಪ್ ಉಂಟು!

ಹೀರೋಗೆ ಡೂಪ್ ಇರೋದು ನಮ್ಮ ಗಾಂಧಿ ಕ್ಲಾಸಿನ ಹುಡುಗರಿಗೆಲ್ಲ ಗೊತ್ತು. ಗಾಜು ಒಡೆದುಕೊಂಡು ಹಾರುವವನೊಬ್ಬ, ಆಮೇಲೆ ಕ್ಲೋಸಪ್ಪಿನಲ್ಲಿ ಕೂದಲು ಸರಿಮಾಡಿಕೊಳ್ಳುವವನು ಇನ್ನೊಬ್ಬ! ಆದರೆ ಕಾರಿಗೂ ಡೂಪ್ ಇರುತ್ತೆ, ಗೊತ್ತೆ?

2019ರಲ್ಲಿ ಬಂದ ‘ಫೋರ್ಡ್ ವಿ ಫೆರಾರಿ’ ನೋಡಿದವರು ನೆನಪು ಮಾಡಿಕೊಳ್ಳಿ. 1966ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಫೋರ್ಡ್ ಜಿಟಿ40 ಕಾರುಗಳು ಮೊದಲ ಮೂರೂ ಸ್ಥಾನ ಬಾಚಿಕೊಂಡ ಕಥೆ. (ನೆಲದಿಂದ ನೆತ್ತಿಗೆ ಬರೀ 40 ಇಂಚು, ಅದಕ್ಕೇ ಆ ಹೆಸರು!) ತೆರೆಯ ಮೇಲೆ ಮೊರೆಯೋದು ಮಾತ್ರ ಆ ಕಾಲದ ಕಾರುಗಳಲ್ಲ, ಈಚೆಗೆ ಕಟ್ಟಿದ ಪ್ರತಿರೂಪಗಳು. ಅದರಲ್ಲಿ ಕೆಲವು ಸೂಪರ್‌ಫಾರ್ಮೆನ್ಸ್ ಕಂಪನಿಯವು. ಅವು ತಯಾರಾಗೋದು ದಕ್ಷಿಣ ಆಫ್ರಿಕಾದಲ್ಲಿ. ಕೋಟಿಗಟ್ಟಲೆ ಬಾಳುವ ಅಸಲಿಯನ್ನು ಯಾವ ಮಾಲೀಕ ತಾನೇ ಫೈಟಿಂಗ್ ಸೀನಿಗೆ ಕೊಟ್ಟಾನು? 1971ರ ‘ಲೆ ಮಾನ್ಸ್’ ಚಿತ್ರದಲ್ಲೂ ಇದೇ ಕೈಚಳಕ. ಸ್ಟೀವ್ ಮೆಕ್ವೀನ್ ಚಿತ್ರ ಸ್ವಾಮಿ, ಸುಮ್ಮನೆ ಅಲ್ಲ! ಅಪಘಾತದಲ್ಲಿ ನುಚ್ಚುನೂರಾದದ್ದು ಪೋರ್ಶೆ, ಫೆರಾರಿ ವೇಷ ತೊಟ್ಟ ಲೋಲಾ ಕಾರುಗಳು.

ಈಗ ಅಸಲಿ ಮಜಾ ಕೇಳಿ. ಆ ಫೋರ್ಡ್ ಗೆಲುವಿನ ಹಿಂದಿದ್ದ ಕ್ಯಾರಲ್ ಶೆಲ್ಬಿ, ಅಂದ್ರೆ ಚಿತ್ರದಲ್ಲಿ ಮ್ಯಾಟ್ ಡೇಮನ್ ಮಾಡಿದ ಪಾತ್ರ, ಭಾರೀ ಆಸಾಮಿ. 1962ರಲ್ಲಿ ಇಂಗ್ಲೆಂಡಿನ ಎಸಿ ಕಾರಿಗೆ ಅಮೆರಿಕದ ಫೋರ್ಡ್ ಎಂಜಿನ್ ಕೂರಿಸಿ ‘ಕೋಬ್ರಾ’ ಮಾಡಿದ. ಆಗ ಕೈಯಲ್ಲಿದ್ದದ್ದು ಒಂದೇ ಕಾರು. ಒಂದೊಂದು ಪತ್ರಿಕೆಯವರು ಬಂದಾಗಲೂ ಅದಕ್ಕೊಂದು ಹೊಸ ಬಣ್ಣ ಬಳಿಸಿದ. ಓದಿದವರು ಸಾಲುಸಾಲು ಕಾರು ತಯಾರಾಗ್ತಿವೆ ಅಂದುಕೊಂಡರು! ಹತ್ತು ಪಾತ್ರ ಮಾಡಿದ ಆ ಒಂಟಿ ಕಾರು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಹೋಯಿತು.

ಬಣ್ಣದ ಆಟಕ್ಕೆ ಶಿಳ್ಳೆ ಹಾಕೋಣ. 90ರ ದಶಕದ ಆಟಕ್ಕೆ ಮಾತ್ರ ಆಗದು. 1965ರಲ್ಲೇ ಮಾಡಿ ಉಳಿದಿದ್ದ ಚಾಸಿಗಳು ಅಂತ ಹೇಳಿ ಶೆಲ್ಬಿ ಕೋಬ್ರಾಗಳನ್ನು ಮಾರಾಟಕ್ಕಿಟ್ಟ. ಆ ಚಾಸಿಗಳು ಒಂದೆರಡು ವರ್ಷದ ಹಿಂದಷ್ಟೇ ಹುಟ್ಟಿದವು ಅಂತ 1993ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಹೆತ್ತ ಅಪ್ಪನೇ ಮಗುವಿನ ಹುಟ್ಟಿದ ತಾರೀಖು ತಿದ್ದಿದ ಹಾಗಾಯ್ತು! ಕೊಳ್ಳುವವನು ದುಡ್ಡು ಸುರಿಯೋದೇ ಆ ತಾರೀಖಿಗೆ ತಾನೆ?

ಆಮೇಲೆ ಶೆಲ್ಬಿಯ ಕಂಪನಿಯೇ ರಾಜಾರೋಷವಾಗಿ ಹೊಸ ಕೋಬ್ರಾ ಕಟ್ಟತೊಡಗಿತು. ಹಳೆಯ ನಕ್ಷೆ, ಹೊಸ ಲೋಹ, ಹೊಸ ನಂಬರು. ಇಂಥವಕ್ಕೇ ‘ಕಂಟಿನ್ಯುಯೇಷನ್’ ಕಾರು ಅನ್ನೋದು. ಯಾರು ಬೇಕಾದರೂ ಶೆಡ್ಡಿನಲ್ಲಿ ಜೋಡಿಸುವ ಫೈಬರ್ ಕೋಬ್ರಾಗಳ ಜಾತಿ ಬೇರೆ. ನನ್ನ ಕೇಳಿದರೆ, ಕಂಟಿನ್ಯುಯೇಷನ್ ಕಾರನ್ನು ನಕಲಿ ಅಂತ ಮೂಗು ಮುರಿಯೋದು ತಪ್ಪು. ಮ್ಯೂಸಿಯಮ್ಮಿನಲ್ಲಿ ಧೂಳು ಒರೆಸಿಕೊಂಡು ನಿಂತ ಅಸಲಿಗಿಂತ ಟ್ರ್ಯಾಕಿನಲ್ಲಿ ಟೈರು ಸುಡುವ ಡೂಪೇ ನನಗೆ ಇಷ್ಟ.

ಗುರುತು ಹಿಡಿಯೋದು ಹೇಗೆ ಅಂತೀರಾ? ಚಾಸಿ ನಂಬರು ನೋಡಿ. ಶೆಲ್ಬಿಯ ಹಳೆಯ ಕೋಬ್ರಾಗಳಲ್ಲಿ ಸಿಎಸ್ಎಕ್ಸ್ ಆದಮೇಲೆ 2 ಅಥವಾ 3ರಿಂದ ಶುರುವಾಗುವ ನಾಲ್ಕಂಕಿ. 4ರಿಂದ ಶುರುವಾದರೆ ಅದು ತೊಂಬತ್ತರ ದಶಕದಿಂದ ಈಚೆಗೆ ಹುಟ್ಟಿದ ತಮ್ಮ!